ಡ್ಯಾನ್ಸ್ ಹಾಡಿಗೆ ರೊಟ್ಟಿ ಬಡಿದ ಚಿಗವ್ವ

ನಮ್ಮ ಚಿಗವ್ವನಂಥ ಭಕ್ತೆಯನ್ನು ನೀವು ಕಂಡಿರಲಾರಿರಿ. ಬೆಳಿಗ್ಗೆ ಒಲೆ ಹಚ್ಚುವ ಮೊದಲು ಆಕೆ ತಪ್ಪದೆ ಕೈ ಮುಗಿಯುತ್ತಿದ್ದಳು. ಯಾವ ದೇವರಿಗೆ ಎಂದು ಮಾತ್ರ ಕೇಳಬೇಡಿ. ಆಕೆ ಕೈ ಮುಗಿಯುತ್ತಿದ್ದುದು ಹಿಟ್ಟಿನ ಡಬ್ಬಿಯ ಮೇಲೆ ಪ್ರತಿಷ್ಠಾಪಿಸಿದ್ದ ಟೇಪ್ ರೆಕಾರ್ಡರಿಗೆ! ಅದರ ಗರ್ಭಗುಡಿಯಲ್ಲಿ ಒಂದೇ ಕ್ಯಾಸೆಟ್, ಆ ಕ್ಯಾಸೆಟ್ಟಿನಲ್ಲಿ ಆಕೆಗೆ ಬೇಕಾದದ್ದು ಒಂದೇ ಹಾಡು. ಭಕ್ತಿಗೀತೆಯೆ? ಅಲ್ಲ. ತತ್ವಪದವೆ? ಅದೂ ಅಲ್ಲ. ಹಿಂದಿ ಸಿನಿಮಾವೊಂದಕ್ಕೆಂದು ಮುಂಬಯಿಯಲ್ಲಿ ಯಾರೋ ಧ್ವನಿಮುದ್ರಿಸಿದ, ಯಂತ್ರದ ಡೋಲು ಧಡಧಡಿಸುವ, ನಡುನಡುವೆ ಗಂಡಸರ ಗುಂಪೊಂದು ‘ಹೊಯ್’ ಎಂದು ಕೂಗುವ ಅಪ್ಪಟ ಡ್ಯಾನ್ಸ್ ಹಾಡು.

ಚಿಗವ್ವ ಎಂದರೆ ನನ್ನ ತಾಯಿಯ ತಂಗಿ. ಗುರುಗುಂಟಾದ ನಮ್ಮ ಮನೆಯವರು ಹೈಸ್ಕೂಲಿಗೆಂದು ನನ್ನನ್ನು ಮಸ್ಕಿಗೆ ಕಳಿಸಿದಾಗ ಆಕೆಯ ಮನೆಯಲ್ಲೇ ಉಂಡು, ಆಕೆಯ ಮಗ್ಗುಲಲ್ಲೇ ಮಲಗಿ ಬೆಳೆದವಳು ನಾನು. ಆ ಹೊತ್ತಿಗಾಗಲೇ ಆಕೆಯ ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಮದುವೆ ಮನೆಗಳಿಗೂ ಸಿಂಧನೂರಿನ ಒಂದು ಖಾನಾವಳಿಗೂ ಜೋಳದ ರೊಟ್ಟಿ ಬಡಿದು ಕೊಡುವುದು ಆಕೆಯ ಕಸುಬು. ಹೆಂಗಸರು ಹೊಗೆ ನುಂಗಿ ಬಡಿದ ರೊಟ್ಟಿಗೆ ಖಾನಾವಳಿಯ ಬೋರ್ಡಿನಲ್ಲಿ ಗಂಡಸಿನ ಹೆಸರು ರಾರಾಜಿಸುವ ಅನ್ಯಾಯವನ್ನು ನಾನು ಕಾಲೇಜು ಸೇರಿದ ಮೇಲೆ ಆಕೆಗೆ ಎಷ್ಟೋ ಸಲ ವಿವರಿಸಿದ್ದೇನೆ. ಆಕೆ ಗಮನವಿಟ್ಟು ಕೇಳಿ, “ಹೌದಲ್ಲವ್ವ” ಎಂದು ಒಪ್ಪಿ, ಕ್ಯಾಸೆಟ್ಟನ್ನು ಮೊದಲಿಗೆ ತಿರುಗಿಸಿ ಮತ್ತೆ ಹಾಡು ಹಚ್ಚುತ್ತಿದ್ದಳು.

ಈ ಹಾಡು ಆಕೆಗೆ ಒಲಿದ ಕಥೆಯೂ ವಿಲಕ್ಷಣವಾದುದೇ. ಒಲೆಯ ಹೊಗೆಗೆ ಕೆಂಪಾದ ಕಣ್ಣುಗಳನ್ನು ತೋರಿಸಲು ಲಿಂಗಸುಗೂರಿಗೆ ಹೋಗಿದ್ದವಳು ಮರಳಿ ಬರುವಾಗ ಒಂದು ಖಾಸಗಿ ಬಸ್ಸು ಹತ್ತಿದಳು. ಚಾಲಕನ ತಲೆಯ ಮೇಲಿನ ಪೆಟ್ಟಿಗೆಯಲ್ಲಿ ಈ ಹಾಡು ಹೊಸದಾಗಿ ಬಂದು ಕೂತಿತ್ತು. ಮಸ್ಕಿ ಬಂತು, ಜನ ಇಳಿದರು, ಚಿಗವ್ವ ಇಳಿಯಲಿಲ್ಲ. ಕಂಡಕ್ಟರ್ ಬಂದು ಕೇಳಿದರೆ, ಹಾಡು ಇನ್ನೂ ಮುಗಿದಿಲ್ಲವೆಂದು ಆತನಿಗೇ ತಿಳಿಹೇಳಿದಳಂತೆ. ಹಾಡು ಮುಗಿಯುವ ಹೊತ್ತಿಗೆ ಬಸ್ಸು ಊರು ದಾಟಿತ್ತು. ಮುಗಿದ ಹಾಡನ್ನು ಚಾಲಕ ಪುನಃ ಹಚ್ಚಿದ. ಹೀಗೆ ಆಕೆ ಸಿಂಧನೂರಿನವರೆಗೂ ಹೋಗಿ, ಬಸ್‌ಸ್ಟ್ಯಾಂಡಿನೆದುರಿನ ಅಂಗಡಿಯಲ್ಲಿ ಆ ಕ್ಯಾಸೆಟ್ಟನ್ನು ಕೊಂಡು, ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದಳು. ಕೈಯಲ್ಲಿ ಕ್ಯಾಸೆಟ್ ಇತ್ತು. ಅದನ್ನು ಹಾಕಲು ಮನೆಯಲ್ಲಿ ಟೇಪ್ ರೆಕಾರ್ಡರ್ ಇರಲಿಲ್ಲ! ಪಕ್ಕದ ಮನೆಯ ಉರ್ದು ಮಾತಾಡುವ ಹಿರಿಯಾಕೆ, ನಾವೆಲ್ಲ ಖಾಲಾ ಎನ್ನುತ್ತಿದ್ದವರು, ತಮ್ಮ ಸಹೋದರ ಸೌದಿಯಿಂದ ತಂದು ಬಳಸಿ ಬಿಟ್ಟಿದ್ದ ಹಳೆಯ ಪೆಟ್ಟಿಗೆಯೊಂದನ್ನು ಮರುಕಪಟ್ಟು ಕೊಟ್ಟರು. ಅಂದಿನಿಂದ ನಮ್ಮ ಓಣಿಗೆ ಕೋಳಿಯ ಕೂಗು ಕೇಳಿಸಿದ್ದಿಲ್ಲ.

ಹಾಡನ್ನು ಎಲ್ಲರೂ ಕೇಳುತ್ತಾರೆ. ಆ ಕಾಲದಲ್ಲಂತೂ ಅದು ಗಣಪತಿಯ ಮಂಟಪದಿಂದ ಹಿಡಿದು ಭತ್ತ ಸಾಗಿಸುವ ಟ್ರ್ಯಾಕ್ಟರಿನವರೆಗೆ ಎಲ್ಲೆಡೆಯೂ ಮೊಳಗುತ್ತಿತ್ತು. ಆದರೆ ಅದಕ್ಕೆ ರೊಟ್ಟಿ ಬಡಿದವಳು ಚಿಗವ್ವ ಒಬ್ಬಳೇ. ಪಲ್ಲವಿಗೆ ಬಡಿತ, ಚರಣಕ್ಕೆ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುವುದು, ವಾದ್ಯಗಳು ಮಾತ್ರ ನುಡಿಯುವಾಗ ಮಗುಚುವುದು. ಅಂಗೈಯ ಕೆಳಗೆ ಹಿಟ್ಟು ಗಿರಗಿರನೆ ತಿರುಗುತ್ತ ಹಿಗ್ಗುತ್ತಿದ್ದರೆ, ಕೂತಲ್ಲೇ ಆಕೆಯ ಭುಜಗಳು ಕುಣಿಯುತ್ತಿದ್ದವು. ಬೇರೆ ಹಾಡು ಹಾಕಿದರೆ? ರೊಟ್ಟಿ ಹರಿಯುತ್ತಿತ್ತು. ಬೀಸುವ ಪದ ಹಾಡಿದರೆ? ದಪ್ಪಗಾಗುತ್ತಿತ್ತು. ನಾನು ಒಮ್ಮೆ ನಮ್ಮ ಸಂಘಟನೆಯ ಹೋರಾಟದ ಗೀತೆಗಳ ಕ್ಯಾಸೆಟ್ಟನ್ನು ಹಾಕಿ ನೋಡಿದೆ. ಆ ದಿನದ ರೊಟ್ಟಿಯನ್ನು ಎತ್ತು ಕೂಡ ಅಗಿಯಲಾರದೆ ಉಗುಳಿತು.

ಕರೆಂಟು ನಮ್ಮ ಊರಿಗೆ ಅತಿಥಿಯಂತೆ ಬಂದು ಹೋಗುತ್ತಿತ್ತು. ಪಟ್ಟಣಗಳಿಗೆ ಬೆಳಕು, ಹಳ್ಳಿಗಳಿಗೆ ಕಂಬ ಎಂಬ ಈ ತಾರತಮ್ಯವನ್ನು ಖಂಡಿಸಿ ನಾವು ಮನವಿಗಳನ್ನು ಕೊಟ್ಟೆವು. ಚಿಗವ್ವ ಸೆಲ್ಲುಗಳನ್ನು ತಂದಳು. ಶಕ್ತಿ ಕುಂದಿದ ಸೆಲ್ಲುಗಳನ್ನು ಬಿಸಿಲಿಗಿಟ್ಟರೆ ಅವು ಮತ್ತೆ ಒಂದಷ್ಟು ಹೊತ್ತು ಉಸಿರಾಡುತ್ತವೆಂಬುದು ಆಗ ಎಲ್ಲರಿಗೂ ಗೊತ್ತಿದ್ದ ವಿದ್ಯೆ. ಮಾಳಿಗೆಯ ಮೇಲೆ ಸಂಡಿಗೆ, ಹಪ್ಪಳಗಳ ಸಾಲಿನ ಕೊನೆಯಲ್ಲಿ ಆಕೆಯ ಸೆಲ್ಲುಗಳೂ ಒಣಗುತ್ತಿದ್ದವು. ಆದರೂ ಅವು ಸೋತ ದಿನ ಹಾಡು ಎಳೆದಾಡುತ್ತಿತ್ತು. ಹಾಡಿನೊಡನೆ ಕೈಯೂ ನಿಧಾನವಾಗಿ ರೊಟ್ಟಿ ದಪ್ಪವಾಗುತ್ತಿತ್ತು. ಸಿಂಧನೂರಿನ ಖಾನಾವಳಿಯಲ್ಲಿ ಉಣ್ಣಲು ಕೂತ ಗಿರಾಕಿಗಳು ಮೊದಲ ತುತ್ತಿಗೇ ತಲೆಯೆತ್ತಿ ಕೇಳುತ್ತಿದ್ದರು:

“ಯಾಕ್ರಿ ಸಾವ್ಕಾರ, ಮಸ್ಕ್ಯಾಗ ಸೆಲ್ ವೀಕ್ ಆಗ್ಯಾವೇನು?”

ಸೆಲ್ಲಿಗೆ ಜೀವ ಕೊಡುವ ಬಿಸಿಲು ಹಾಡಿಗೆ ಕೊಡದೇ ಇರುತ್ತದೆಯೆ? ಈ ತರ್ಕದಲ್ಲಿ ದೋಷವೇನಿದೆ ನೀವೇ ಹೇಳಿ. ಹಾಡು ಹಾಡಿ ದಣಿದಂತೆ ಕಂಡ ಕ್ಯಾಸೆಟ್ಟನ್ನೂ ಆಕೆ ಒಂದು ಬೇಸಿಗೆಯ ಮಧ್ಯಾಹ್ನ ಸಂಡಿಗೆಗಳ ನಡುವೆ ಒಣಹಾಕಿದಳು. ರಾಯಚೂರು ಸೀಮೆಯ ಬೇಸಿಗೆ! ಸಂಜೆಗೆ ಕ್ಯಾಸೆಟ್ಟೂ ಹಪ್ಪಳದಂತೆ ಸೊಟ್ಟಗಾಗಿತ್ತು. ಪೆಟ್ಟಿಗೆಯಲ್ಲಿ ಒತ್ತಿ ಹಾಕಿದರೆ, ಜೇನಿನಂಥ ಕಂಠದ ಗಾಯಕಿ ಕೋಣದಂತೆ ಮುಲುಗತೊಡಗಿದಳು. ನಾನು ನಕ್ಕೆ. ಚಿಗವ್ವ ಮಾತ್ರ ಗಂಭೀರವಾಗಿ, ಆಕೆಗೆ ನೆಗಡಿಯಾಗಿದೆ, ಎರಡು ದಿನ ತಡೆ ಎಂದಳು. ಎರಡು ದಿನ ಪೆಟ್ಟಿಗೆಯನ್ನು ಒಲೆಯ ಬೆಚ್ಚನೆಯ ಮಗ್ಗುಲಲ್ಲಿಟ್ಟು ಉಪಚಾರ ಮಾಡಿದಳು. ಮೂರನೆಯ ದಿನ ಸಿಂಧನೂರಿಗೆ ಹೋಗಿ ಅದೇ ಕ್ಯಾಸೆಟ್ಟಿನ ಇನ್ನೊಂದು ಪ್ರತಿಯನ್ನು ತಂದಳು.

ಅಷ್ಟು ಪ್ರೀತಿಯಿದ್ದರೆ ಸಿನಿಮಾವನ್ನಾದರೂ ನೋಡಿದಳೆ? ಇಲ್ಲ. ಸಿಂಧನೂರಿನ ಟಾಕೀಸಿಗೆ ಅದು ಮತ್ತೆ ಬಂದಾಗ ಖಾಲಾ ಜೊತೆಗೆ ಕರೆದರು, ಆಕೆ ಹೋಗಲಿಲ್ಲ. ಕಾರಣ ಕೇಳಿದಾಗ ಆಕೆ ಹೇಳಿದ ಮಾತು ನನಗೆ ಇಂದಿಗೂ ನೆನಪಿದೆ: “ನೋಡಿದ್ನೆಂದ್ರ ಅವರ ಕುಣಿತ ಬಂದು ಕಣ್ಣಾಗ ಕುಂದರತೈತಿ. ಆಮ್ಯಾಲ ನನ್ನ ಕುಣಿತ ಎಲ್ಲಿ ಇಡ್ಲಿ?”

ಇಷ್ಟರಲ್ಲಿ ನಾನು ಅನ್ಯಾಯಗಳನ್ನು ಅವುಗಳ ಹೆಸರಿನಿಂದಲೇ ಕರೆಯುವ ಬಳಗವೊಂದನ್ನು ಸೇರಿದ್ದೆ. ವರದಕ್ಷಿಣೆ, ಬಾಲ್ಯವಿವಾಹ, ಹೋಟೆಲುಗಳ ಹೊರಗೆ ಬೇರೆಯಾಗಿಟ್ಟ ಚಹಾದ ಗ್ಲಾಸುಗಳು, ಕಳೆ ಕೀಳುವ ಹೆಂಗಸರಿಗೆ ಗಂಡಸರ ಅರ್ಧ ಕೂಲಿ ಇವೆಲ್ಲದರ ವಿರುದ್ಧ ಗೊರೇಬಾಳ, ಸಾಲಗುಂದಗಳಲ್ಲಿ ಸಭೆ ನಡೆಸುತ್ತಿದ್ದೆವು. ಹೆಣ್ಣನ್ನು ಆಟಿಕೆಯಂತೆ ಬಣ್ಣಿಸುವ ಸಿನಿಮಾ ಹಾಡುಗಳೂ ನಮ್ಮ ಪಟ್ಟಿಯಲ್ಲಿದ್ದವು. ಅವುಗಳಲ್ಲಿ ಅಗ್ರಸ್ಥಾನ, ದುರದೃಷ್ಟವಶಾತ್, ಇದೇ ಹಾಡಿನದು. ಅರ್ಥ ತಿಳಿದರೆ ಚಿಗವ್ವ ತಾನಾಗಿಯೇ ಬಿಟ್ಟಾಳೆಂದು ಖಾಲಾರನ್ನು ಕರೆದು ಸಾಲುಸಾಲಾಗಿ ಅನುವಾದ ಮಾಡಿಸಿದೆ. ಅವರು ನಾಚಿ, ಸೆರಗು ಬಾಯಿಗೊತ್ತಿಕೊಂಡು, ಇದರಲ್ಲಿ ಕೆಟ್ಟದ್ದೇನಿಲ್ಲ ಬೇಟಿ, ಆಕೆ ನೀರಿಗೆ ಹೊರಟಿದ್ದಾಳೆ, ಇವನು ದಾರಿ ಬಿಡುತ್ತಿಲ್ಲ ಎಂದು ಸಂಗ್ರಹವಾಗಿ ಹೇಳಿದರು. ಹೆಣ್ಣಿನ ದಾರಿಗೆ ಅಡ್ಡ ನಿಲ್ಲುವುದು ಶೃಂಗಾರವಲ್ಲ, ಕಿರುಕುಳ ಎಂದು ನಾನು ವಿವರಿಸಿದೆ. ಚಿಗವ್ವನ ಮುಖ ಕೆಂಪಾಯಿತು.

“ನೀರಿಗೆ ಹೊಂಟಾಕಿಗೆ ಅಡ್ಡ ನಿಂತಾನೇನು ಆ ಭಾಡ್ಯಾ? ಹಚ್ಚು ಹಾಡು, ಕೈ ಮುರೀತೀನಿ ಅಂವಂದು!”

ಅಂದಿನಿಂದ ಗಂಡಸರ ‘ಹೊಯ್’ ಕೇಳಿದಾಗಲೆಲ್ಲ ಹಿಟ್ಟಿನ ಮೇಲೆ ಬೀಳುವ ಪೆಟ್ಟು ಇಮ್ಮಡಿಯಾಯಿತು; ರೊಟ್ಟಿ ಇನ್ನಷ್ಟು ತೆಳ್ಳಗಾಯಿತು. ಸ್ತ್ರೀವಾದವು ಇಷ್ಟು ಶೀಘ್ರವಾಗಿ ಫಲ ಕೊಟ್ಟದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಗುರುಗುಂಟಾದಲ್ಲಿ ಅಶ್ಲೀಲ ಹಾಡುಗಳ ವಿರುದ್ಧ ಮಹಿಳೆಯರ ಸಭೆ ಕರೆದಾಗ ಆಕೆಯನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದೆ. ಮೈಕ್ ಸರಿಯಿದೆಯೇ ಎಂದು ನೋಡಲು ಮೈಕ್‌ಸೆಟ್ಟಿನವನು ಹಚ್ಚಿದ್ದು ಯಾವ ಹಾಡು ಎಂದು ಬೇರೆ ಹೇಳಬೇಕೆ? ನಾನು ಧಾವಿಸಿ ಅದನ್ನು ನಿಲ್ಲಿಸಿ, ಸೇರಿದ್ದ ತಾಯಂದಿರನ್ನು ಉದ್ದೇಶಿಸಿ, ನಮ್ಮ ಹೆಣ್ಣುಮಕ್ಕಳು ಇಂಥದ್ದನ್ನು ಕೇಳಬೇಕೆ ಎಂದು ಗಟ್ಟಿಯಾಗಿ ಪ್ರಶ್ನಿಸಿದೆ. ಮುಂದಿನ ಸಾಲಿನಿಂದ ಅಷ್ಟೇ ಗಟ್ಟಿಯಾದ ಉತ್ತರ ಬಂತು: “ಅರ್ಧಕ್ಕ ನಿಲ್ಲಿಸಿದ್ರ ಹೆಂಗ ಕೇಳೂದು? ಮತ್ತ ಹಚ್ಚವ್ವ.” ಆ ಸಭೆಯ ನಿರ್ಣಯವು ಅಂಗೀಕಾರವಾಗಲಿಲ್ಲ.

ನಗುವವರು ನಗಲಿ. ಈ ಹೆಂಗಸಿನ ಬದುಕಿನಲ್ಲಿ ನಾನು ನಗಲಾರದ ಸಂಗತಿಯೊಂದಿತ್ತು. ಯಾವ ಮದುವೆಗೆ ಆಕೆ ಗುಡ್ಡದಷ್ಟು ರೊಟ್ಟಿ ಬಡಿದು ಕೊಡುತ್ತಿದ್ದಳೋ ಆ ಮದುವೆಯ ಹಂದರದೊಳಗೆ ಆಕೆ ಕಾಲಿಡುತ್ತಿರಲಿಲ್ಲ. ವಾಲಗ ಊದಿ ಅಕ್ಷತೆಯ ಅಕ್ಕಿಕಾಳು ಬೀಳುವ ಹೊತ್ತಿಗೆ ಆಕೆ ಹಿತ್ತಲಿನ ಒಲೆಯ ಬಳಿ ಗೋಡೆಗೆ ಮುಖ ಮಾಡಿ ಕೂತಿರುತ್ತಿದ್ದಳು. ಗಂಡ ಸತ್ತವಳ ಕೈಯ ರೊಟ್ಟಿಯನ್ನು ಚಪ್ಪರಿಸಿ ತಿಂದು, ಅದೇ ಕೈಯ ಅಕ್ಕಿಕಾಳು ಅಪಶಕುನ ಎನ್ನುವ ಈ ಕ್ರೌರ್ಯಕ್ಕೆ ಶಾಸ್ತ್ರವೆಂಬ ಹೆಸರು! ಮಸ್ಕಿಯಲ್ಲಿ ಓದುತ್ತಿದ್ದಾಗಲೇ ನಾನು ನಿಶ್ಚಯಿಸಿದ್ದೆ: ನನ್ನ ಮದುವೆಯಲ್ಲಿ ಮೊದಲ ಅಕ್ಕಿಕಾಳು ಚಿಗವ್ವನ ಕೈಯದೇ.

ತೊಂಬತ್ತರ ದಶಕದಲ್ಲಿ ನನ್ನ ಮದುವೆಯ ದಿನ ಬಂತು. ವರ ನಮ್ಮ ಬಳಗದವರೇ, ಸಾಲಗುಂದದ ಶಾಲೆಯ ಮಾಸ್ತರರು. ಸಿಂಧನೂರಿನಲ್ಲಿ ಸರಳ ವಿವಾಹ: ವರದಕ್ಷಿಣೆಯಿಲ್ಲ, ಬಂಗಾರವಿಲ್ಲ, ಮುಹೂರ್ತ ಬೇಕೆಂದೇ ರಾಹುಕಾಲದಲ್ಲಿ. ಶಬ್ದಮಾಲಿನ್ಯವೆಂಬ ಕಾರಣಕ್ಕೆ ವಾಲಗ, ಹಾಡು ಯಾವುದೂ ಇಲ್ಲ. ಮೈಕು ಮಾತ್ರ ಬೇಕೇ ಬೇಕು, ಏಕೆಂದರೆ ಸರಳ ವಿವಾಹದಲ್ಲಿ ಭಾಷಣಗಳು ಸರಳವಾಗಿರುವುದಿಲ್ಲ. ಎಲ್ಲ ವಿರೋಧಗಳನ್ನೂ ಎದುರಿಸಲು ನಾನು ಸಿದ್ಧಳಾಗಿದ್ದೆ. ಆದರೆ ವಿರೋಧ ಬಂದದ್ದು ಚಿಗವ್ವನಿಂದಲೇ!

ಆಕೆ ಹಿತ್ತಲಿನಲ್ಲಿ ಒಲೆ ಹೂಡಿ ಕೂತಿದ್ದಳು. ನಾನು ಮೂಢನಂಬಿಕೆಯ ಬಗ್ಗೆ, ಸಮಾನತೆಯ ಬಗ್ಗೆ, ವಿಧವೆಯರನ್ನು ಮೂಲೆಗೆ ತಳ್ಳಿದ ಇತಿಹಾಸದ ಬಗ್ಗೆ ಬಹಳ ಹೊತ್ತು ಹೇಳಿದೆ. ಆಕೆ ಎಂದಿನಂತೆ ‘ಹೌದಲ್ಲವ್ವ’ ಎನ್ನಲಿಲ್ಲ. ಹಿಟ್ಟು ನಾದುವುದನ್ನು ನಿಲ್ಲಿಸಿ, “ಭಾಷಣ ಎಲ್ಲಾ ಖರೇ ಐತಿ. ಮಾಸ್ತರಗ ಏನರ ಆದ್ರ? ನಿನ್ನ ಹಣಿ ಖಾಲಿ ಆದ್ರ ನಾ ಹೆಂಗ ನೋಡ್ಲಿ? ನನ್ನ ಕೈ ಬ್ಯಾಡವ್ವ” ಎಂದಳು. ಊರವರ ನಂಬಿಕೆಯೊಡನೆ ಜಗಳವಾಡಬಹುದು. ನನ್ನ ಮೇಲಿನ ಪ್ರೀತಿಯಿಂದಲೇ ಆಕೆ ನನ್ನಿಂದ ದೂರ ನಿಂತರೆ ಯಾರೊಡನೆ ಜಗಳವಾಡುವುದು?

ಮಾಸ್ತರರಿಗೆ ಈ ವಿಷಯ ತಿಳಿಸಿದೆ. ಅವರು, ಆಕೆಯ ಹಾಡನ್ನಾದರೂ ಹಾಕಿಸೋಣ, ಹಿತ್ತಲಿನಲ್ಲಿ ಕೂತೇ ಸಂತೋಷಪಡಲಿ ಎಂದರು. ಹೆಣ್ಣನ್ನು ಕೀಳಾಗಿಸುವ ಹಾಡು ನಮ್ಮ ಮದುವೆಯಲ್ಲೆ? ಆದರೆ ಚಳವಳಿಗಳಲ್ಲಿ ತಾತ್ಕಾಲಿಕ ಹೊಂದಾಣಿಕೆ ಎಂಬುದೊಂದು ಇದೆ. ಮೊದಲ ಭಾಷಣಕ್ಕೂ ಎರಡನೆಯ ಭಾಷಣಕ್ಕೂ ನಡುವೆ ಒಂದು ಸಲ ಮಾತ್ರ ಎಂಬ ಷರತ್ತಿನ ಮೇಲೆ ಒಪ್ಪಿದೆ.

ಹಾಡು ಮೊಳಗಿತು. ಹಿತ್ತಲಿನಲ್ಲಿ ಚಿಗವ್ವನ ಬಡಿತ ಕೇಳಿಸಿತು. ಬಳಿಕ ಬಡಿತ ನಿಂತಿತು. ಹೊರಳಿ ನೋಡಿದೆ. ಹಿತ್ತಲು ಮುಗಿದು ಹಂದರ ಶುರುವಾಗುವಲ್ಲಿ, ಬಿದಿರಿನ ಮೊದಲ ಗಳವನ್ನು ಹಿಡಿದುಕೊಂಡು ಆಕೆ ನಿಂತಿದ್ದಳು. ಮೊಣಕೈತನಕ ಹಿಟ್ಟು. ಭುಜ ಕುಣಿಯುತ್ತಿತ್ತು; ಕಾಲು ಮಾತ್ರ ಗಳದ ಆಚೆಯೇ ಇತ್ತು. ಆಗ ನಮ್ಮ ಮಾಸ್ತರರು ಎದ್ದರು. ಜೀವನದಲ್ಲಿ ಎಂದೂ ಕುಣಿಯದ ಆ ಗಂಭೀರ ಮನುಷ್ಯ ಆಕೆಯ ಎದುರು ಹೋಗಿ ಕುಣಿಯತೊಡಗಿದರು. ಕುಣಿತವೆ ಅದು? ಕೆಸರುಗದ್ದೆಯಲ್ಲಿ ಚಪ್ಪಲಿ ಕಳೆದುಕೊಂಡವನು ಅದನ್ನು ಹುಡುಕುತ್ತಿರುವಂತಿತ್ತು. ಡೋಲು ಒಂದೆಡೆ, ಕಾಲು ಇನ್ನೊಂದೆಡೆ. ಸಭೆ ನಕ್ಕಿತು. ಚಿಗವ್ವ ನಗಲಿಲ್ಲ. ಆಕೆಯ ಮುಖ ನೋವಿನಿಂದ ಕಿವುಚಿಕೊಂಡಿತು. ತಪ್ಪಿದ ತಾಳವನ್ನು ಸಹಿಸುವುದು ಆಕೆಯ ಕೈಲಾಗದ ಮಾತು.

“ಹಂಗಲ್ಲಪ ಮಾಸ್ತರ, ಹಂಗಲ್ಲ. ಇಲ್ಲಿ ನೋಡು, ಎಡಗಾಲು ಮೊದಲ!”

ಹೀಗೆನ್ನುತ್ತ ಬಂದೇಬಿಟ್ಟಳು. ಮಾಸ್ತರರ ಮುಂಗೈ ಹಿಡಿದು, ಪೆಟ್ಟು ಪೆಟ್ಟಿಗೂ ಎಳೆದು ತಿದ್ದುತ್ತ, ಬಡಿಯುವ ರೊಟ್ಟಿಯಂತೆ ಅವರನ್ನು ಗಿರಗಿರನೆ ತಿರುಗಿಸುತ್ತ ಹಂದರದ ನಟ್ಟನಡುವಿಗೆ ಬಂದು ನಿಂತಳು. ಹಾಡು ಮುಗಿಯಿತು. ಆಗಲೇ ಆಕೆಗೆ ತಾನೆಲ್ಲಿದ್ದೇನೆಂಬ ಅರಿವಾದದ್ದು.

ನನ್ನ ಸೋದರಮಾವ, ಯಾರಾದರೂ ಆಕೆಯನ್ನು ಒಳಗೆ ಕರೆದೊಯ್ಯಿರಿ ಎಂದು ತಗ್ಗಿದ ದನಿಯಲ್ಲಿ ಹೇಳಿದ್ದು ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು. ಚಿಗವ್ವ ತಲೆ ತಗ್ಗಿಸಿ ಹಿಂದಕ್ಕೆ ಸರಿದಳು. ಮಾಸ್ತರರು ಹಿಡಿದ ಕೈ ಬಿಡಲಿಲ್ಲ. ಅಕ್ಕಿಕಾಳಿನ ತಟ್ಟೆಯನ್ನು ತಾವೇ ಎತ್ತಿ ಆಕೆಯ ಮುಂದೆ ಹಿಡಿದರು.

“ನಿನಗ ಏನೂ ಆಗೂದಿಲ್ಲಲ್ಲಪ?” ಎಂದು ಆಕೆ ಮೆಲ್ಲಗೆ ಕೇಳಿದಳು.

“ಆಗತೈತ್ರಿ ಅತ್ತಿ. ನಿಮ್ಮ ರೊಟ್ಟಿ ತಿಂದು ಹೊಟ್ಟಿ ಬರತೈತಿ. ಹಾಕ್ರಿ.”

ಆಕೆ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಅಕ್ಕಿಕಾಳು ಎಸೆದಳು. ಅದರಲ್ಲಿ ಬಹುಪಾಲು ಮುಖ್ಯ ಅತಿಥಿಗಳ ತಲೆಯ ಮೇಲೆ ಬಿತ್ತು. ಎರಡು ಕಾಳು ನನಗೆ ಸಿಕ್ಕವು.

ಗೆದ್ದೆನೆಂದು ನಾನು ಭಾವಿಸಿದ್ದೆ. ಆದರೆ ಅಂದಿನಿಂದ ಚಿಗವ್ವನ ಕಣ್ಣಿಗೆ ನಿದ್ದೆ ಬರಲಿಲ್ಲ. ನಾವು ಮನೆ ಮಾಡಿದ್ದ ಸಿಂಧನೂರಿನಲ್ಲಿ ಮಾಸ್ತರರು ಸೀನಿದರೆ ಮಸ್ಕಿಯಲ್ಲಿ ಆಕೆ ಎದ್ದು ಕೂರುತ್ತಿದ್ದಳು! ಬಸ್ಸಿನ ಕಂಡಕ್ಟರುಗಳ ಮೂಲಕ ಯೋಗಕ್ಷೇಮ ವಿಚಾರಿಸುವಳು. ಉತ್ತರ ತಡವಾದರೆ ಮರುದಿನದ ಮೊದಲ ಬಸ್ಸಿಗೆ ತಾನೇ ಬಂದಿಳಿಯುವಳು. ಅವರು ತರಗತಿಯಲ್ಲಿದ್ದಾಗ ಕಿಟಕಿಯಾಚೆಯಿಂದ ಒಮ್ಮೆ ಇಣುಕಿ, ಜೀವಂತ ಇದ್ದಾರೆಂದು ಖಾತ್ರಿಪಡಿಸಿಕೊಂಡು, ಮಾತಾಡಿಸದೆಯೇ ಹಿಂದಿರುಗಿದ್ದೂ ಉಂಟು. ಮಕ್ಕಳು ಆಕೆಯನ್ನು ಇನ್‌ಸ್ಪೆಕ್ಟರೆಂದು ತಿಳಿದು ಎದ್ದು ನಿಂತು ನಮಸ್ಕರಿಸುತ್ತಿದ್ದರಂತೆ.

ಮದುವೆಯಾದ ಎರಡನೆಯ ವರ್ಷ ಮಾಸ್ತರರಿಗೆ ನಿಜವಾಗಿಯೂ ಜ್ವರ ಬಂತು. ಟೈಫಾಯ್ಡ್. ಸುದ್ದಿ ಮುಟ್ಟಿದ ದಿನವೇ ಚಿಗವ್ವ ಬಂದಳು. ಬಂದವಳು ಅವರು ಮಲಗಿದ್ದ ಕೋಣೆಯ ಒಳಗೆ ಹೋಗಲಿಲ್ಲ. ಹೊಸ್ತಿಲಿನ ಆಚೆ, ಗೋಡೆಗೊರಗಿ ಕೂತುಬಿಟ್ಟಳು. ಕಾಲುವೆಯ ನೀರನ್ನು ಶುದ್ಧಗೊಳಿಸದೆ ನಲ್ಲಿಗೆ ಬಿಡುವ ಆಡಳಿತದಿಂದ ಈ ರೋಗ ಬಂದಿದೆ, ಅಕ್ಕಿಕಾಳಿನಿಂದಲ್ಲ ಎಂದು ನಾನು ಬಿಡಿಸಿ ಬಿಡಿಸಿ ಹೇಳಿದೆ. ಇದೇ ಓಣಿಯಲ್ಲಿ ಇನ್ನೂ ಕೆಲವರು ಮಲಗಿದ್ದಾರೆ, ಅವರಿಗೆಲ್ಲ ನೀನು ಅಕ್ಕಿಕಾಳು ಹಾಕಿದ್ದೆಯಾ ಎಂದೂ ಕೇಳಿದೆ. ಆಕೆ ತಲೆಯಾಡಿಸಿದಳೇ ಹೊರತು ಅಲ್ಲಿಂದ ಕದಲಲಿಲ್ಲ. ಒಳಗಿನಿಂದ ಅವರು ಕರೆದರೆ ಹೊರಗಿನಿಂದಲೇ ಓಗೊಡುತ್ತಿದ್ದಳು. ಅಂಬಲಿ ಕಾಸಿ ತಂದು ನನ್ನ ಕೈಗೆ ಕೊಟ್ಟು ಮತ್ತೆ ತನ್ನ ಜಾಗಕ್ಕೆ ಮರಳುತ್ತಿದ್ದಳು.

ಒಂದು ಮಧ್ಯಾಹ್ನ ಔಷಧಿ ತರಲು ಪೇಟೆಗೆ ಹೋದ ನಾನು ಅಂಗಡಿಯ ಸಾಲಿನಲ್ಲಿ ತಡವಾಗಿ ಮನೆಗೆ ಬಂದೆ. ಗೋಡೆಯ ಬಳಿ ಚಿಗವ್ವ ಇರಲಿಲ್ಲ. ಕೋಣೆಯ ಬಾಗಿಲಿಗೆ ಓಡಿದೆ. ಆಕೆ ಮಂಚದ ಮೇಲೆ ಕೂತಿದ್ದಳು. ಮಾಸ್ತರರ ತಲೆಯನ್ನು ತನ್ನ ಎದೆಗೆ ಆನಿಸಿಕೊಂಡು, ಒಂದು ಕೈಯಲ್ಲಿ ಅವರ ಬೆವರಿದ ಹಣೆಯನ್ನು ಒತ್ತಿ ಹಿಡಿದು, ಇನ್ನೊಂದರಲ್ಲಿ ಲೋಟ ಹಿಡಿದು ಗುಟುಕು ಗುಟುಕಾಗಿ ಕುಡಿಸುತ್ತಿದ್ದಳು. ನನ್ನನ್ನು ಕಂಡದ್ದೇ ತಪ್ಪಿತಸ್ಥಳಂತೆ ಬೆದರಿದಳು. ಆದರೆ ಲೋಟ ಕೆಳಗಿಡಲಿಲ್ಲ, ಹಣೆಯ ಮೇಲಿನ ಕೈ ತೆಗೆಯಲಿಲ್ಲ.

“ನೀರು ಕೇಳಿದನವ್ವ,” ಎಂದಳು.